ತಾನಾಗಿ ಮಾಯುವ ಗಾಯ

ಸಂಗುವನ್ನು ಎತ್ತಿ ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಲು ನಾಲ್ಕು ಜನ ಮುಂದೆ ಬಂದಿದ್ದರು; ಇಬ್ಬರೇ ಸಾಕಾದರು. ಬಸಗೊಂಡಪ್ಪ ಕಾಕಾ ಅಣ್ಣನ ಮಗನ ಕಂಕುಳಲ್ಲಿ ಕೈ ಹಾಕಿ ಎತ್ತಿದವನು, ಎತ್ತಿದ ರಭಸಕ್ಕೆ ತಾನೇ ಹಿಂದಕ್ಕೆ ವಾಲಿದ. "ಏನೂ ಉಳದಿಲ್ಲಲ್ಲೋ ಯಪ್ಪಾ," ಎಂದ ಮೆಲ್ಲಗೆ. ವಿದ್ಯಾವತಿ ತಮ್ಮನ ತಲೆ ಜೋಲದಂತೆ ಹಣೆಗೆ ಬಟ್ಟೆ ಸುತ್ತಿ ಗೋಡೆಯ ಗೂಟಕ್ಕೆ ಕಟ್ಟಿದಳು. ಬಟ್ಟೆಯಡಿ ವಿಭೂತಿ ಅಳಿಸಿಹೋಯಿತು. ಮತ್ತೆ ಹಚ್ಚಿದಳು.

ಕಾಖಂಡಕಿಯ ಆ ಮನೆಯ ಅಂಗಳದಲ್ಲಿ ಬೆಳಗಿನಿಂದ ಜನ ಸೇರುತ್ತಲೇ ಇದ್ದರು. ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಸಂಗುವಿನ ಮೋಟಾರ್ ವೈಂಡಿಂಗ್ ಅಂಗಡಿ ಇತ್ತು. ತಿಕೋಟಾ, ಬಬಲೇಶ್ವರ ಕಡೆಯ ರೈತರು ಬಾವಿಯ ಪಂಪು ಸುಟ್ಟರೆ ಅವನ ಬಳಿಗೇ ತರುತ್ತಿದ್ದರು. ದ್ರಾಕ್ಷಿ ಒಣಗುತ್ತದೆಂದು ಊಟ ಬಿಟ್ಟು ತಂತಿ ಸುತ್ತಿಕೊಟ್ಟಿದ್ದನ್ನು ಒಬ್ಬ ನೆನೆದ. ಗಿರಾಕಿಯನ್ನು ಕೂಡಿಸಿ ಮತ್ತೆ ಮತ್ತೆ ಹಿಂದಿನ ಬಾಗಿಲಿಂದ ಮಾಯವಾಗುತ್ತಿದ್ದವನಿಗೆ ಕುಡಿತದ ಚಟ ಇರಬೇಕು ಎಂದುಕೊಂಡಿದ್ದೆ ಎಂದು ಇನ್ನೊಬ್ಬ ಪಶ್ಚಾತ್ತಾಪಪಟ್ಟ. ಕರುಳು ಒಡೆದು ಸತ್ತ ಎಂಬುದನ್ನು ಮಾತ್ರ ಎಲ್ಲರೂ ದನಿ ತಗ್ಗಿಸಿ ಹೇಳಿಕೊಳ್ಳುತ್ತಿದ್ದರು. ಅಕ್ಕ ಅದೇ ರೋಗದ ಮೇಲೆ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಾಳೆ ಎಂಬ ಮಾತು ಬಂದಾಗ ದನಿ ಇನ್ನಷ್ಟು ತಗ್ಗುತ್ತಿತ್ತು. ವಿದ್ಯಾವತಿಗೆ ಎಲ್ಲವೂ ಕೇಳಿಸುತ್ತಿತ್ತು.

*

ಕಾಲೇಜಿನಲ್ಲಿ ಇಲಿಗಳನ್ನು ಇಟ್ಟಿದ್ದ ಕೋಣೆಯ ಫ್ಯಾನು ಸುಟ್ಟಾಗ ಅವಳು ತಮ್ಮನನ್ನೇ ಕರೆಸಿದ್ದಳು. ಏಣಿಯಿಂದ ಇಳಿದ ಸಂಗು ಒಂದು ಪಂಜರದ ಮುಂದೆ ನಿಂತುಬಿಟ್ಟ. ಬಿಳಿ ಇಲಿಯೊಂದು ಮೈ ಮುದುಡಿ, ರೋಮ ನಿಮಿರಿಸಿಕೊಂಡು ಮೂಲೆಯಲ್ಲಿ ಕೂತಿತ್ತು. ಬಾಲದ ಬುಡಕ್ಕೆ ರಕ್ತ ಮೆತ್ತಿತ್ತು.

ಇದಕ್ಕೇನಾಗಿದೆ ಎಂದು ಕೇಳಿದ. ಕುಡಿಯುವ ನೀರಿಗೆ ಒಂದು ಪುಡಿ ಬೆರೆಸುತ್ತೇವೆ, ಅದರಿಂದ ದೊಡ್ಡ ಕರುಳು ಹುಣ್ಣಾಗಿ ರಕ್ತ ಬೀಳುತ್ತದೆ, ಮನುಷ್ಯರ ರೋಗ ಅರಿಯಲು, ಔಷಧಿ ಕೊಟ್ಟು ನೋಡಲು ಹೀಗೆ ಮಾಡುವುದು ಎಂದು ಅವಳು ದಿನನಿತ್ಯದ ಮಾತಿನಂತೆ ವಿವರಿಸಿದಳು.

ಸಂಗು ಕೈಯಲ್ಲಿದ್ದ ಪಕ್ಕಡ ಕೆಳಗಿಟ್ಟ.

"ಅಕ್ಕಾ, ನನಗೂ ಹಿಂಗ ಆಗತೈತಿ."

ಮೂಲವ್ಯಾಧಿ ಎಂದುಕೊಂಡು ಯಾರ್ಯಾರೋ ಕೊಟ್ಟ ಚೂರ್ಣ ನುಂಗುತ್ತಿದ್ದ. ನಾಚಿಕೆಗೆ ಹೆಂಡತಿ ಸೌಭಾಗ್ಯಳಿಗೂ ಹೇಳಿರಲಿಲ್ಲ. ವಿದ್ಯಾವತಿ ಅದೇ ವಾರ ಡಾಕ್ಟರ ಬಳಿ ಕರೆದೊಯ್ದಳು. ಗುಳಿಗೆಗೆ ರೋಗ ಬಗ್ಗಿತು, ಮೈ ತುಂಬಿತು, ನಗುತ್ತ ಅಂಗಡಿ ತೆರೆದ. ಮುಂದಿನ ಬೇಸಿಗೆಗೆ ಮತ್ತೆ ಮರುಕಳಿಸಿತು. ಹೀಗೇ ಏಳುಬೀಳಾಗಿ ಕೊನೆಗೆ ಡಾಕ್ಟರು, ದೊಡ್ಡ ಕರುಳನ್ನೇ ತೆಗೆದು ಮಲ ಹೋಗಲು ಹೊಟ್ಟೆಗೆ ಚೀಲ ಕೂಡಿಸಬೇಕೆಂದರು. ಸಂಗು ಒಪ್ಪಲಿಲ್ಲ.

ಬೇಲಿಯ ಮೇಲೆ ಹಬ್ಬುವ ಒಂದು ಬಳ್ಳಿಯ ಎಲೆಯ ಸಾರವನ್ನು ಆಗ ಅವಳು ಇಲಿಗಳಿಗೆ ಕೊಟ್ಟು ನೋಡುತ್ತಿದ್ದಳು. ಇಲಿಗಳು ಚೇತರಿಸಿಕೊಂಡ ಸುದ್ದಿ ಸಂಗುವಿಗೂ ಮುಟ್ಟಿತ್ತು. ಅವುಗಳಿಗೆ ಕಡಿಮೆಯಾದದ್ದು ತನಗೇಕೆ ಆಗಬಾರದು ಎಂದು ಒಂದು ದಿನ ಕೇಳಿದ.

"ಇಲಿಗೆ ನಾವ ಪುಡಿ ಕುಡಿಸಿರತೀವಿ, ತಮ್ಮಾ. ಕುಡಿಸೂದು ಬಿಟ್ಟರ ಗಾಯ ತಾನ ಮಾಯಾಕ ಹತ್ತತೈತಿ. ಎಲಿ ಒಂಚೂರು ಲಗೂ ಮಾಡತೈತಿ, ಅಷ್ಟ."

"ನಂದು?"

"ನಿನಗ ಯಾರೂ ಏನೂ ಕುಡಿಸಿಲ್ಲಲ್ಲೋ. ಏನ ಬಿಡಿಸಲಿ?"

ಸಂಗು ತಲೆಯಾಡಿಸಿದ. ಅವನಿಗೆ ತಿಳಿಯಿತು ಎಂದೇ ಅವಳು ನಂಬಿದ್ದಳು.

*

ಭಜನೆಯವರು ಬಂದರು. ಹೆಣ ಕೂಡಿಸಿ ಒಯ್ಯುವ ವಿಮಾನ ಕಟ್ಟುತ್ತಿದ್ದಾಗ ಸೌಭಾಗ್ಯ ಬಂದು ವಿದ್ಯಾವತಿಯ ಪಕ್ಕ ಕೂತಳು. ಅತ್ತು ಅತ್ತು ಅವಳ ದನಿ ಬಿದ್ದುಹೋಗಿತ್ತು.

"ಗುಳಗಿ ಬಿಟ್ಟು ಭಾಳ ದಿನ ಆಗಿತ್ರಿ, ಅಕ್ಕಾರ. ಆ ಎಲಿ ರಸಾನ ಕುಡಿತಿದ್ರು. ನಾನ ಅರದು ಕೊಡತಿದ್ದೆ."

ವಿದ್ಯಾವತಿ ಅವಳತ್ತ ತಿರುಗಿದಳು. "ನನಗ್ಯಾಕ ಹೇಳಲಿಲ್ಲ?"

"ಗುಣಾ ಆದಮ್ಯಾಲ ಹೇಳೂಣು ಅಂದ್ರು. ಅಕ್ಕನ ಔಷಧಿ ಮನಶ್ಯಾರಿಗೂ ನಡೀತು ಅಂದ್ರ ಆಕಿಗೆ ದೊಡ್ಡ ಹೆಸರ ಬರತೈತಿ ಅಂತಿದ್ರು."

ಸಿಟ್ಟು ಬಂದಿದ್ದರೆ ಒಳ್ಳೆಯದಿತ್ತು. ಬರಲಿಲ್ಲ. ಒಳಗೆ ತಾಯಿ ಶಂಕ್ರೆವ್ವ ಮಗನ ಹೆಸರು ಹಿಡಿದು ಹಾಡಿಕೊಂಡು ಅಳುತ್ತಿದ್ದಳು. ಆ ಎಲೆ ಹರಿದು ತರುತ್ತಿದ್ದವಳು ಅವಳೇ ಇರಬೇಕೆಂದು ವಿದ್ಯಾವತಿಗೆ ಹೊಳೆಯಿತು.

ಹೊಲದಲ್ಲಿ ತೋಡಿದ ಕುಣಿಯೊಳಗೆ ಸಂಗುವನ್ನು ಕೂಡಿಸಿದರು. ಅಯ್ಯನವರು ಅವನ ಎಡಗೈಯಲ್ಲಿ ಲಿಂಗವಿಟ್ಟರು. ವಿಭೂತಿ ಗಟ್ಟಿ, ಬಿಲ್ವಪತ್ರೆ ಒಬ್ಬೊಬ್ಬರಾಗಿ ಹಾಕಿದರು. ಅವು ಎದೆಯ ಮಟ್ಟಕ್ಕೆ ಏರಿದ ಮೇಲೆ ಮಣ್ಣು ಬಿತ್ತು. ವಿದ್ಯಾವತಿ ಮೂರು ಹಿಡಿ ಮಣ್ಣು ಹಾಕಿ ಬದುವಿನ ಮೇಲೆ ನಿಂತಳು.

ಕುರಿ ಕಾಯುವ ಬೀರಣ್ಣ ಹಿಂದಿನಿಂದ ಬಂದು ತಲೆಯ ಮೇಲಿನ ಟವೆಲ್ ತೆಗೆದ. ತನ್ನ ಮಗಳಿಗೂ ಅದೇ ಬೇನೆ ಇದೆ ಎಂದ. ಇಲಿಗಳಿಗೆ ಗುಣವಾದ ಔಷಧಿಯ ವಿಷಯ ಸಂಗಣ್ಣನೇ ಹೇಳಿದ್ದನಂತೆ.

"ಅದು ಔಷಧಿ ಅಲ್ರಿ. ಮಗಳನ್ನ ದವಾಖಾನಿಗೆ ಕರಕೊಂಡು ಬರ್ರಿ," ಎಂದಳು ವಿದ್ಯಾವತಿ.

"ಇವತ್ತ ಕೇಳಬಾರದಿತ್ತು, ತಪ್ಪಾತು. ದಿನಕರ್ಮ ಮುಗೀಲಿ, ಆಮ್ಯಾಲ ಬರತೇನ್ರಿ," ಎಂದು ಕೈ ಮುಗಿದು ಹೋದ.

ಜನ ಕರಗುತ್ತಿದ್ದಾಗ ಅವಳ ಫೋನು ಅದುರಿತು. ಇಲಿಗಳನ್ನು ನೋಡಿಕೊಳ್ಳುವ ಸಿಕಂದರ. ಇಂಥ ಹೊತ್ತಿನಲ್ಲಿ ಕೇಳುತ್ತಿರುವುದಕ್ಕೆ ಮೊದಲು ಕ್ಷಮೆ ಕೇಳಿದ. ಹೊಸ ಇಲಿಗಳಿಗೆ ಪುಡಿಯ ನೀರು ಇವತ್ತೇ ಶುರುವಾಗಬೇಕು, ಇಲ್ಲದಿದ್ದರೆ ಈ ತಂಡವೆಲ್ಲ ವ್ಯರ್ಥ. ಬೆರೆಸಿ ಇಟ್ಟಿದ್ದೇನೆ, ಏನು ಮಾಡಲಿ ಎಂದ.

ಕುಣಿಯ ಮೇಲಿನ ಮಣ್ಣನ್ನು ಯಾರೋ ಸಲಿಕೆಯಿಂದ ತಟ್ಟಿ ಸಮ ಮಾಡುತ್ತಿದ್ದರು.

"ಹಚ್ಚರಿ," ಎಂದಳು.

ಸಿಕಂದರ ಫೋನು ಕಡಿಯದೆ ಹಾಗೇ ಪಕ್ಕಕ್ಕಿಟ್ಟನೆಂದು ಕಾಣುತ್ತದೆ. ಬಾಟಲಿಗಳು ಒಂದೊಂದಾಗಿ ಪಂಜರಗಳಿಗೆ ತಗಲುವುದು ಕೇಳಿಸಿತು. ಅದರ ಹಿಂದೆಯೇ, ಒಂದು ಕಡೆ, ಮತ್ತೊಂದು ಕಡೆ, ಆಮೇಲೆ ಕೋಣೆಯ ತುಂಬ, ಬಾಟಲಿಯ ನಳಿಗೆಯ ಬಾಯಲ್ಲಿ ನೆಕ್ಕಿದಾಗ ಉರುಳುವ ಉಕ್ಕಿನ ಗುಂಡುಗಳು ಟಿಕ್ ಟಿಕ್ ಎನ್ನತೊಡಗಿದವು. ನೀರಡಿಸಿದ್ದ ಇಲಿಗಳು ಕುಡಿಯುತ್ತಿದ್ದವು.