ರಸ್ತೆಗೆ ಅಡ್ಡ ಹಿಡಿದ ರುಮಾಲು

ಮೊಳಕೆ ಜೋಳದ ಹುಳಿಹಿಟ್ಟು ಕಾದ ಹೆಂಚಿನ ಮೇಲೆ ಕೆಂಪಗಾಗುವಾಗ ಏಳುವ ವಾಸನೆಗೆ ಸಿತ್ತನಾಳ ಬಾಲ್ಯವೆಲ್ಲ ಅಂಟಿಕೊಂಡಿತ್ತು. ಶುಂಠಿ, ದಾಲ್ಚಿನ್ನಿ ಬೆರೆತ ಆ ಘಮ ಬೀದಿಗೆ ಬಂತೆಂದರೆ ರಂಜಾನ್ ಹತ್ತಿರವಾಯಿತೆಂದೇ ಅರ್ಥ. ಹತ್ತಿ ಜಿನ್ನಿಂಗ್ ಮಿಲ್ಲಿನಿಂದ ಮೀಸೆಗೆಲ್ಲ ಎಳೆ ಅಂಟಿಸಿಕೊಂಡು ಬರುತ್ತಿದ್ದ ಅಪ್ಪ ಹಮದ್‌ನೀಲ್ ಬಾಗಿಲಲ್ಲೇ ನಿಂತು, "ಈ ವಾಸನೆ ನಮ್ಮನೆದೇ ತಾನೆ?" ಎಂದು ಕೇಳುತ್ತಿದ್ದ. ಗೊತ್ತಿದ್ದೂ ಕೇಳುತ್ತಿದ್ದ.

ಇವತ್ತು, ಉಪವಾಸದ ದಿನ, ಹಾಗೆ ಹೆಂಚಿನ ಮೇಲೆ ಸುಟ್ಟಿಟ್ಟ ತೆಳು ಹಾಳೆಗಳನ್ನು ನೆನೆಹಾಕಿ ಸಂಜೆಯ ಪಾನಕ ಸೋಸುತ್ತಿದ್ದಾಗ ಅಪ್ಪ ಮನೆಯಿಂದ ಹೊರಬಿದ್ದಿದ್ದ. ಎರಡು ವರ್ಷದಿಂದ ಅವನಿಗೆ ಮರೆವು. ಅವಳು ಕೈ ಒರೆಸಿಕೊಂಡು ಬರುವಷ್ಟರಲ್ಲಿ ಅಂಗಳದ ಮಂಚ ಖಾಲಿ. ಅವನು ಮದನಿ ಪಟ್ಟಣದ ಬಸ್ಸು ಹತ್ತಿದ್ದನ್ನು ಅಂಗಡಿಯವನು ನೋಡಿದ್ದ. ಬಾಗಿಲಲ್ಲಿ ಚಪ್ಪಲಿ ಸಿಗದೆ ಸಿತ್ತನಾ ಬರಿಗಾಲಲ್ಲೇ ಓಡಿ, ಪಕ್ಕದ ಮನೆಯ ತಾಜುಸ್ಸಿರ್‌ನ ಪಿಕಪ್ ಹತ್ತಿದಳು.

ಸೂರ್ಯ ಹೊಲಗಳ ಅಂಚಿಗೆ ಇಳಿದಿದ್ದ. ಊರೂರಲ್ಲೂ ಗಂಡಸರು ರಸ್ತೆ ಬದಿಗೆ ಚಾಪೆ ಹಾಸುತ್ತಿದ್ದರು. ಮೂರನೆಯ ಊರಲ್ಲಂತೂ ಹತ್ತು ಜನ ತಲೆಯ ಬಿಳಿ ರುಮಾಲುಗಳನ್ನು ಬಿಚ್ಚಿ, ವಾಹನಗಳನ್ನು ತಡೆಯಲು ರಸ್ತೆಗೆ ಅಡ್ಡಲಾಗಿ ಎಳೆದು ಹಿಡಿದಿದ್ದರು.

"ನಿಲ್ಲಿಸ್ಬೇಡ," ಎಂದಳು ಸಿತ್ತನಾ.

"ನಿಲ್ಲಿಸ್ದೆ? ಅವರ ಮೇಲೇ ಓಡಿಸ್ಲಾ ಅಕ್ಕ?"

ದಪ್ಪನೆಯ ಒಬ್ಬ ಆಸಾಮಿ ಕಿಟಕಿಗೆ ಬಂದ. "ಇಳೀರಿ, ಇಳೀರಿ! ಬಾಂಗ್ ಆಗೋ ಹೊತ್ತು, ನಮ್ಜೊತೆ ಉಪವಾಸ ಬಿಟ್ಟು ಹೋಗಿ."

"ಬಿಡಣ್ಣ, ಅರ್ಜೆಂಟಿದೆ."

"ಎಲ್ರಿಗೂ ಅರ್ಜೆಂಟೇ ತಂಗಿ. ನಾವು ಬಿಟ್ರೆ ಮುಂದಿನೂರಿನವರು ಹಿಡ್ಕೊತಾರೆ. ಆಮೇಲೆ ಜಿಪುಣರು ಅಂತ ವರ್ಷವಿಡೀ ನಮ್ಮನ್ನ ಆಡ್ಕೊಳ್ತಾರೆ."

ಸಿತ್ತನಾಳ ಸಹನೆ ಮುಗಿಯಿತು. "ನಿಮ್ಮ ಮುದ್ದೆ ನೀವೇ ತಿನ್ನಿ! ನಮ್ಮಪ್ಪ ಕಳೆದುಹೋಗಿದಾನೆ. ಮರೆವಿನ ಮನುಷ್ಯ. ಮದನಿ ಸೇರ್ಬಿಟ್ರೆ ಆ ಜನದಲ್ಲಿ ಎಲ್ಲೀಂತ ಹುಡುಕ್ಲಿ? ದಾರಿ ಬಿಡಿ!"

ಅವನ ನಗು ನಿಂತಿತು. "ನೀಲಿ ಜುಬ್ಬಾನಾ? ಕಾಲಲ್ಲಿ ಹೆಂಗಸರ ಚಪ್ಪಲಿ?"

ಸಿತ್ತನಾ ತನ್ನ ಬರಿಗಾಲು ನೋಡಿಕೊಂಡಳು. ಬಾಗಿಲು ತೆರೆದು ಇಳಿದೇಬಿಟ್ಟಳು.

ಚಾಪೆಯ ತುದಿಯಲ್ಲಿ, ಊರ ಮುದುಕರ ನಡುವೆ ಅಪ್ಪ ಕೂತಿದ್ದ. ಪಾನಕದ ಲೋಟ ಎರಡೂ ಕೈಯಲ್ಲಿ ಹಿಡಿದು, ಒಳ್ಳೆಯ ಹುಡುಗನಂತೆ ಬಾಂಗಿಗೆ ಕಾಯುತ್ತಿದ್ದ.

"ಆಗ್ಲೇ ಒಂದು ಬಸ್ಸು ತಡೆದ್ವಿ," ಎಂದ ದಪ್ಪನೆಯವನು ತಗ್ಗಿದ ದನಿಯಲ್ಲಿ. "ಇನ್ನೂ ಹೊತ್ತಿದೆ ಅಂತ ಡ್ರೈವರ್ ಜಗಳಕ್ಕೇ ನಿಂತ. ಇಳಿದವರು ಇವರೊಬ್ಬರೇ. ಜಿನ್ನಿಂಗ್ ಮಿಲ್ಲಿನ ಪಾಳಿಗೆ ತಡ ಆಯ್ತು ಅಂದ್ರು. ಆ ಮಿಲ್ಲು ಮುಚ್ಚಿ ಎಷ್ಟು ವರ್ಷ ಆಯ್ತು, ನಮಗೆ ಗೊತ್ತಿಲ್ವಾ? ಬಸ್ಸು ಕಳಿಸಿ ಇವರನ್ನ ಇಟ್ಕೊಂಡ್ವಿ. ಹುಡುಕ್ಕೊಂಡು ಬರೋರು ಇದೇ ರಸ್ತೇಲಿ ತಾನೆ ಬರ್ಬೇಕು? ಬಂದ್ರೆ ಈ ರುಮಾಲು ದಾಟಿ ಹೇಗೆ ಹೋಗ್ತಾರೆ?"

ಅಪ್ಪ ತಲೆಯೆತ್ತಿದ. "ಸಿತ್ತನಾ, ಬಂದ್ಯಾ? ಇವರ ಪಾನಕದ ವಾಸನೆ ನೋಡು. ನಮ್ಮನೆದರಷ್ಟಿಲ್ಲ."

ಚಾಪೆಯ ಮೇಲೆ ನಗೆ ಎದ್ದಿತು. "ಕೇಳಿದ್ರಾ! ಹಿರಿಯರನ್ನ ಕೂರಿಸ್ಕೊಂಡಿದ್ದಕ್ಕೆ ಸಿಕ್ಕ ಬಹುಮಾನ!" ಎಂದ ಒಬ್ಬ ಮುದುಕ.

ಅಷ್ಟರಲ್ಲಿ ಬಾಂಗ್ ಕೂಗಿತು. ಲೋಟಗಳು ತುಟಿಗೆ ಹೋದವು. ಸಿತ್ತನಾ ಹಿಂದಿರುಗಿ ಪಿಕಪ್ಪಿನ ಮೆಟ್ಟಿಲ ಮೇಲೆ ಕೂತಳು. ಇಷ್ಟು ಹೊತ್ತು ತಡೆದದ್ದೆಲ್ಲ ಈಗ ಬಂತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ಅಳುತ್ತಲೇ ನಕ್ಕಳು.

ಸ್ವಲ್ಪ ಹೊತ್ತಿಗೆ ಹತ್ತಿರದಲ್ಲಿ ಹೆಜ್ಜೆ ಸಪ್ಪಳ. ದಪ್ಪನೆಯವನು ಒಂದು ಖರ್ಜೂರ ಬಾಯಿಗೆ ಹಾಕಿಕೊಂಡು ಎದ್ದು ಬಂದಿದ್ದ. ಒಂದು ಕೈಯಲ್ಲಿದ್ದ ಅವಳ ಚಪ್ಪಲಿಗಳನ್ನು ಬಗ್ಗಿ ಅವಳ ಕಾಲಬಳಿ ಜೋಡಿಸಿಟ್ಟ. ಇನ್ನೊಂದು ಕೈಯಲ್ಲಿ ಬಿಸಿ ಮುದ್ದೆಯ ತಟ್ಟೆ, ನಡುವಿನ ಗುಳಿಯಲ್ಲಿ ಒಣಬೆಂಡೆಯ ಸಾರು. ಅವಳು ಬೈದದ್ದರ ಮಾತೆತ್ತದೆ, ಅವಳ ಕಣ್ಣೀರು ನೋಡದಂತೆ ಮುಖ ಬೇರೆ ಕಡೆ ತಿರುಗಿಸಿಕೊಂಡು ತಟ್ಟೆಯನ್ನು ಅವಳ ಕೈಗಿತ್ತ.