ಕಲ್ಲು ಕಾಣುವ ದಿನ

ವಡಾತಳೆಯ ನೀರು ಬಿಡುವುದು ಮೇ ತಿಂಗಳ ಮೂರನೇ ವಾರದಲ್ಲಿ. ನಿಂಗಣ್ಣ ಈ ಕೆಲಸ ಹಿಡಿದು ಇಪ್ಪತ್ತಾರು ವರ್ಷವಾಗಿತ್ತು. ಒಂದು ವರ್ಷವೂ ತಪ್ಪಿಸಿರಲಿಲ್ಲ. ಕುಡಚಡೆಯಿಂದ ಏಳು ಕಿಲೋಮೀಟರ್ ದೂರದ ಈ ಕೆರೆಯನ್ನು ಹಿಂದಿನವರು ಭತ್ತಕ್ಕಾಗಿಯೇ ಕಟ್ಟಿದ್ದರು. ಮಳೆಗೆ ಮುಂಚೆ ತೂಬಿನ ಹಲಗೆ ತೆಗೆದು ಕೆರೆ ಬರಿದು ಮಾಡಿ, ಅದರ ಅಂಗಳದಲ್ಲೇ ಬಿತ್ತುತ್ತಿದ್ದರು. ಅಕ್ಟೋಬರಿನಲ್ಲಿ ಕೊಯ್ದು ಹಲಗೆ ಇಳಿಸಿದರೆ ಕೊನೆಯ ಮಳೆಗೂ ಗುಡ್ಡದ ಝರಿಗಳಿಗೂ ಕೆರೆ ತುಂಬಿ, ಕೆಳಗಿನ ಗದ್ದೆಗಳ ಬೇಸಿಗೆ ಬೆಳೆಗೆ ನೀರಾಗುತ್ತಿತ್ತು. ಅರ್ಧ ವರ್ಷ ಹೊಲ, ಅರ್ಧ ವರ್ಷ ಕೆರೆ.

ಊರವರಿಗೆ ಇದು ಹುಟ್ಟಿನಿಂದ ಗೊತ್ತು. ಬೀಳಗಿ ಕಡೆಯಿಂದ ಬಂದ ನಿಂಗಣ್ಣನಿಗೆ ಗೊತ್ತಿರಲಿಲ್ಲ.

ಅವನ ಎರಡೆಕರೆ ಆಲಮಟ್ಟಿ ಹಿನ್ನೀರಿಗೆ ಹೋದ ಮೇಲೆ, 1998ರ ಏಪ್ರಿಲ್‌ನಲ್ಲಿ, ಹೆಂಡತಿ ಭಾಗವ್ವ ಮತ್ತು ಒಂಬತ್ತೂವರೆ ತಿಂಗಳ ಮಗಳು ಅಂಬಿಕಾಳ ಜೊತೆ ಅವನು ಅದಿರು ತುಂಬುವ ಕೆಲಸಕ್ಕೆ ಇಲ್ಲಿಗೆ ಬಂದಿದ್ದ. ಒಂದೂವರೆ ತಿಂಗಳಿಗೆ ಮಗು ಜ್ವರದಿಂದ ತೀರಿಕೊಂಡಿತು. ಹೊರಗಿನವರು ಎಲ್ಲಿ ಮಣ್ಣು ಮಾಡಬೇಕೆಂದು ಹೇಳುವವರಿರಲಿಲ್ಲ. ಗಣಿಯ ಜಾಗದಲ್ಲಿ ಬೇಡ ಎಂದಷ್ಟೇ ಮೇಸ್ತ್ರಿ ಹೇಳಿದ. ಗಂಡ ಹೆಂಡತಿ ಮಗುವನ್ನು ಎತ್ತಿಕೊಂಡು ನಡೆದರು. ಗುಡ್ಡ ಇಳಿದ ಮೇಲೆ ವಿಶಾಲವಾದ ಬಯಲು ಕಂಡಿತು. ಮನೆಯಿಲ್ಲ, ಬೇಲಿಯಿಲ್ಲ, ನೆಲವೆಲ್ಲ ಅವರ ಎರೆಭೂಮಿಯ ಹಾಗೆ ಬಿರುಕುಬಿಟ್ಟಿತ್ತು. ಬೀಳು ಬಿದ್ದ ಹೊಲ ಎಂದುಕೊಂಡ ನಿಂಗಣ್ಣ. ಎಮ್ಮೆಯ ಬೆನ್ನಿನಂಥ ಒಂದು ಕೆಂಪು ಕಲ್ಲಿತ್ತು. ಅದರ ಪಕ್ಕ ನೇಗಿಲು ಹೋಗುವುದಿಲ್ಲ ಎಂಬ ಲೆಕ್ಕ ಹಾಕಿ ಅಲ್ಲೇ ತಗ್ಗು ತೋಡಿದ.

ದೀಪಾವಳಿ ಅಮಾವಾಸ್ಯೆಗೆ ಎಡೆ ಹಿಡಿದುಕೊಂಡು ಬಂದಾಗ ಅಲ್ಲಿ ಹೊಲವಿರಲಿಲ್ಲ. ಗುಡ್ಡದ ಬುಡದವರೆಗೂ ನೀರಿತ್ತು, ನೀರಿನ ಮೇಲೆ ಬಾತುಕೋಳಿಗಳಿದ್ದವು. ದಾರಿ ತಪ್ಪಿತೆಂದು ನಿಂಗಣ್ಣ ಎರಡು ಸಲ ಗುಡ್ಡ ಹತ್ತಿ ಇಳಿದ. ಭಾಗವ್ವನಿಗೆ ಮೊದಲೇ ಅರ್ಥವಾಗಿತ್ತು. ಅವಳು ಏರಿಯ ಮೇಲೆ ಕುಳಿತೇ ಇದ್ದಳು.

ಮುಂದಿನ ಮೇ ತಿಂಗಳಲ್ಲಿ, ತೂಬಿನ ಕೆಲಸಕ್ಕೆ ಆಳು ಬೇಕೆಂದು ಕೇಳಿ, ಅವನು ಗಣಿ ಬಿಟ್ಟು ಬಂದ. ಎರಡು ಸಾಲು ಹಲಗೆ, ನಡುವೆ ತುಳಿದು ತುಂಬಿದ ಜೇಡಿಮಣ್ಣು. ಮಣ್ಣು ಕಿತ್ತು ಒಂದೊಂದೇ ಹಲಗೆ ಎತ್ತಿದರೆ ಮೂರನೇ ದಿನ ಕಲ್ಲಿನ ನೆತ್ತಿ ಕಾಣುತ್ತಿತ್ತು, ಆರನೇ ದಿನ ಅದರ ಬುಡದ ನೆಲ. ಆ ದಿನ ಭಾಗವ್ವ ಒಂದು ಬಟ್ಟಲು ಹಾಲು, ರವಿಕೆಯ ಒಂದು ಖಣದ ತುಂಡು ತೆಗೆದುಕೊಂಡು ಹೋಗುತ್ತಿದ್ದಳು. ಆಮೇಲೆ ಅವರಿಗೆ ಬೇರೆ ಮಕ್ಕಳಾಗಲಿಲ್ಲ. ಹಾಲು ಯಾಕೆಂದು ಯಾರಾದರೂ ಕೇಳಿದರೆ ನಾಗಪ್ಪನಿಗೆ ಎರೆಯುವುದು ಎನ್ನುತ್ತಿದ್ದಳು.

ಮನೆಯಲ್ಲಿ ಮಾತ್ರ ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ. “ಇಡೀ ಕೆರಿ ಖಾಲಿ ಮಾಡೋ ಮನಷ್ಯಾ, ನಳದಿಂದ ಒಂದ ಕೊಡಾ ನೀರ ತರಾಕ ಕೈ ಬರೂದಿಲ್ಲ ನೋಡ್ರಿ,” ಎಂದು ನೆರೆಯ ಮುಮ್ತಾಜಳಿಗೆ ಕೇಳಿಸುವ ಹಾಗೆ ಹೇಳುತ್ತಿದ್ದಳು.

1998ರಲ್ಲಿ ಕೆರೆಯಂಗಳದಲ್ಲಿ ಬಿತ್ತುತ್ತಿದ್ದವರು ಎಂಬತ್ತನಾಲ್ಕು ಮನೆಯವರು. 2024ರ ಮಳೆಗಾಲಕ್ಕೆ ಒಂಬತ್ತು. ಉಳಿದವರ ಮಕ್ಕಳು ಮಡಗಾಂವಿಗೋ ಹಡಗಿನ ಕೆಲಸಕ್ಕೋ ಹೋಗಿದ್ದರು. ಜನವರಿಯಲ್ಲಿ ರೈತರ ಸಂಘ ಸಭೆ ಸೇರಿ, ಇನ್ನು ಮೇಲೆ ಕೆರೆ ಬರಿದು ಮಾಡುವುದು ಬೇಡ, ತೂಬಿಗೆ ಕಾಂಕ್ರೀಟ್ ಹಾಕಿ ವರ್ಷವಿಡೀ ನೀರು ನಿಲ್ಲಿಸೋಣ ಎಂದು ಠರಾವು ಮಾಡಿತು. ವಿರೋಧಿಸಿದವರು ಇಬ್ಬರು. ನಿಂಗಣ್ಣ ಸದಸ್ಯನಲ್ಲ; ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ಮನೆಗೆ ಹೋಗಿ ಹೆಂಡತಿಗೆ ಹೇಳಲಿಲ್ಲ. ನಾಲ್ಕು ತಿಂಗಳು ಹೇಳಲಿಲ್ಲ.

ಮೇ ಬಂತು. ಭಾಗವ್ವ ಕುಡಚಡೆಯ ಸಂತೆಯಿಂದ ಹಸಿರು ಖಣ ತಂದಿಟ್ಟಳು. ನಿಂಗಣ್ಣ ಸಂಘದ ಅಧ್ಯಕ್ಷ ಶಾಬಾ ಗಾಂವಕರನ ಮನೆಗೆ ಹೋದ. ತೂಬಿನ ತಳಗಲ್ಲಿಗೆ ಪಾಚಿ ಕಟ್ಟಿದೆ, ಅದನ್ನು ಕೆರೆಯದೆ ಕಾಂಕ್ರೀಟ್ ಹಿಡಿಯುವುದಿಲ್ಲ, ಅದಕ್ಕೆ ಒಂದು ಸಲ ನೀರು ಬಿಡಬೇಕು ಎಂದು ಕೊಂಕಣಿಯಲ್ಲಿ ಹೇಳಿದ. ಅದು ಸುಳ್ಳೇನೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಶಾಬಾ ಕ್ಯಾಲೆಂಡರ್ ನೋಡಿ ಎಂಟು ದಿನ ಕೊಟ್ಟ. ಸೋಮವಾರ ಕಾಂಕ್ರೀಟಿನ ಗವಂಡಿ ಬರುತ್ತಾನೆ, ಅವನು ಹಲಗೆಯ ಆಚೆ ಒಣ ಜಾಗದಲ್ಲಿ ಕೆಲಸ ಮಾಡಬೇಕು, ಅಷ್ಟರಲ್ಲಿ ಹಲಗೆ ಮತ್ತೆ ಕೂತಿರಬೇಕು.

ನಿಂಗಣ್ಣ ಹಲಗೆ ಎತ್ತಿದ. ನೀರು ಎರಡು ದಿನ ಭೋರ್ಗರೆದು ಹರಿಯಿತು. ಮೂರನೇ ದಿನ ಸದ್ದು ಕಡಿಮೆಯಾಯಿತು, ನಾಲ್ಕನೇ ದಿನ ನಿಂತಿತು. ಕೆರೆ ಒಂದೂವರೆ ಅಡಿ ಇಳಿದಿತ್ತು, ಅಷ್ಟೇ. ಕಲ್ಲಿನ ಸುಳಿವೇ ಇಲ್ಲ. ಬೇಸಿಗೆ ಬೆಳೆ ಯಾರೂ ಇಡದ್ದರಿಂದ ಈ ವರ್ಷ ನೀರು ಮೊದಲೇ ಎತ್ತರವಿತ್ತು. ಅವನು ತೂಬಿನ ಆಚೆ ಇಳಿದು ಕಾಲುವೆಯಗುಂಟ ನಡೆದ. ಪ್ರತಿ ಏಪ್ರಿಲ್‌ನಲ್ಲಿ ಮನೆಗೊಬ್ಬರಂತೆ ಬಂದು ಆ ಕಾಲುವೆಯ ಹೂಳು ತೆಗೆಯುತ್ತಿದ್ದರು. ಈ ಸಲ ಬಿತ್ತುವವರೇ ಇಲ್ಲ, ಹೂಳು ಯಾರು ತೆಗೆಯುತ್ತಾರೆ? ಕೆಸರು, ಅದರ ಮೇಲೆ ಎದೆಯೆತ್ತರ ಜೊಂಡು. ಇಪ್ಪತ್ತಾರು ವರ್ಷ ಕೆರೆ ಬರಿದು ಮಾಡಿದವನು ತಾನೆಂದು ಅವನು ತಿಳಿದಿದ್ದ. ಅವನು ಹಲಗೆ ಎತ್ತಿದ್ದ, ಅಷ್ಟೇ.

ಅಂದು ಸಂಜೆ ಭಾಗವ್ವ ಏರಿಯ ಮೇಲೆ ನಿಂತು ನೀರು ನೋಡಿದಳು. ಯಾಕೆ ಇಳಿದಿಲ್ಲ ಎಂದು ಕೇಳಿದಳು. ನಿಂಗಣ್ಣ ಜನವರಿಯ ಠರಾವಿನಿಂದ ಹಿಡಿದು ಎಲ್ಲವನ್ನೂ ಹೇಳಿದ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

“ಹೋದ ವರ್ಷ ನೋಡಿದ್ದ ಕಡೀ ಸಲ ಅಂತ ಗೊತ್ತಿದ್ರ,” ಅಂದಳು, “ಇನ್ನೊಂದ ತಾಸು ಕುಂದರತಿದ್ನಿ.”

ಮರುದಿನ ಬೆಳಿಗ್ಗೆ ನಿಂಗಣ್ಣ ಸಲಿಕೆ, ಕುಡಗೋಲು ಹಿಡಿದು ಒಬ್ಬನೇ ಕಾಲುವೆಗೆ ಇಳಿದ. ಅರವತ್ತನಾಲ್ಕು ವಯಸ್ಸು. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತು ಮಾರು ಬಿಡಿಸಿದ್ದ. ಹಳ್ಳ ಸೇರುವವರೆಗೆ ಇನ್ನೂರು ಮಾರು ಉಳಿದಿತ್ತು. ಶಾಬಾ ಅಲ್ಲಿಗೆ ಬಂದು ನಿಂತ. ತಳಗಲ್ಲು ಕೆರೆಯಲು ಇಷ್ಟು ನೀರು ಇಳಿದರೆ ಸಾಕು, ಇನ್ನೂ ಯಾಕೆ ಅಗೆಯುತ್ತೀ ಎಂದು ಕೇಳಿದ. ನಿಂಗಣ್ಣ ಸಲಿಕೆ ಊರಿ ನಿಂತು, ಯಾರಿಗೂ ಹೇಳದ್ದನ್ನು ಹೇಳಿದ. ಕೊಂಕಣಿಯಲ್ಲಿ ಅವನಿಗೆ ಸಾಕಷ್ಟು ಮಾತುಗಳಿರಲಿಲ್ಲ. ಹನ್ನೊಂದು ತಿಂಗಳು ಎಂಬುದನ್ನು ಬೆರಳಲ್ಲಿ ತೋರಿಸಿದ.

ಶಾಬಾ ಕೇಳಿದ್ದು ಒಂದೇ: ಆಗಲೇ ಯಾಕೆ ಹೇಳಲಿಲ್ಲ? ನಿಂಗಣ್ಣ ಅಂದ: ನೀವು ಆ ಮಣ್ಣಿನ ಅನ್ನ ಉಣ್ಣುವವರು, ಹೇಳಿದ್ದರೆ ಕಿತ್ತು ಒಯ್ಯಿ ಅನ್ನುತ್ತಿದ್ದಿರಿ. ಹೌದು, ಆಗ ಅನ್ನುತ್ತಿದ್ದೆ ಎಂದು ಹೇಳಿ ಶಾಬಾ ಹೊರಟುಹೋದ.

ಅವನು ಗವಂಡಿಯ ಕೆಲಸ ಮುಂದೂಡಲಿಲ್ಲ. ಆದರೆ ಮರುದಿನ ತನ್ನ ಸಲಿಕೆ ತಂದ. ಹೋದ ವರ್ಷ ಬಿತ್ತಿದ್ದ ಒಂಬತ್ತು ಮನೆಯವರಲ್ಲಿ ಇಬ್ಬರನ್ನು ಕರೆತಂದಿದ್ದ, ಇಬ್ಬರೂ ಅರವತ್ತು ದಾಟಿದವರು. ಅವರಿಗೆ ಅವನು ಏನು ಹೇಳಿದ್ದನೋ, ಅವರು ನಿಂಗಣ್ಣನನ್ನು ಏನೂ ಕೇಳಲಿಲ್ಲ. ಶುಕ್ರವಾರ, ಶನಿವಾರ ಜೊಂಡು ಕೊಯ್ದರು, ಕೆಸರು ಎತ್ತಿ ದಂಡೆಗೆ ಹಾಕಿದರು. ನೀರು ಮತ್ತೆ ಸದ್ದು ಮಾಡಿತು.

ಭಾನುವಾರ ಮೂರು ಗಂಟೆಗೆ ಕಲ್ಲಿನ ನೆತ್ತಿ ಕಂಡಿತು. ಒಂದು ಗೇಣು. ನೆಲ ಇನ್ನೂ ಎದೆಮಟ್ಟದ ನೀರಿನ ಕೆಳಗಿತ್ತು. ಅದು ಕಾಣಲು ಇನ್ನೂ ಮೂರು ದಿನ ಬೇಕಿತ್ತು.

ಭಾಗವ್ವ ಸೀರೆ ಎತ್ತಿಕಟ್ಟಿ ಇಳಿದಳು. ನಿಂಗಣ್ಣ ಅವಳ ರಟ್ಟೆ ಹಿಡಿದುಕೊಂಡ. ಕಲ್ಲಿನ ಹತ್ತಿರ ಹೋಗಿ ಅವಳು ಖಣವನ್ನು ಅದರ ನೆತ್ತಿಯ ಮೇಲೆ ಹಾಸಿದಳು. ಬಟ್ಟಲು ಬಗ್ಗಿಸಿದಾಗ ಹಾಲು ನೀರಿನಲ್ಲಿ ಹರಡಿ ಕೂಡಲೇ ಮಾಯವಾಯಿತು. ಅವಳು ಕಾಲಿನಿಂದ ತಳ ತಡಕಿದಳು. ಮೆತ್ತನೆಯ ಕೆಸರು ಸಿಕ್ಕಿತು, ಅದರ ಕೆಳಗೇನೂ ಸಿಗಲಿಲ್ಲ.

“ಇಲ್ಲೇನ್ರಿ?”

“ಇಲ್ಲೆ. ಇನ್ನೊಂದೀಟ ಎಡಕ್ಕ.”

ಅವಳು ಒಂದು ಹೆಜ್ಜೆ ಎಡಕ್ಕೆ ಸರಿದು ಅಲ್ಲೇ ನಿಂತಳು. ಏರಿಯ ಮೇಲೆ ಶಾಬಾ ಬೆನ್ನು ತಿರುಗಿಸಿ ಕುಳಿತಿದ್ದ. ತಾಸು ಆಗಿರಬಹುದು. ಕೊನೆಗೆ ಅವಳೇ, ನಡೀರಿ, ಅಂದಳು.

ಹಲಗೆ ಅಂದೇ ಇಳಿಸಬೇಕಿತ್ತು. ನಿಂಗಣ್ಣ ಎರಡೂ ಸಾಲು ಕೂರಿಸಿ ನಡುವಿನ ಸಂದಿಗೆ ಜೇಡಿಮಣ್ಣು ಸುರಿದ. ಅದನ್ನು ಇಳಿದು ತುಳಿಯಬೇಕು. ತುಳಿಯದಿದ್ದರೆ ನೀರು ಸೋರುತ್ತದೆ. ಪ್ರತಿವರ್ಷ ಅದಕ್ಕೊಬ್ಬ ಆಳಿರುತ್ತಿದ್ದ, ಈ ಸಲ ಇರಲಿಲ್ಲ. ಮೂರು ದಿನ ಸಲಿಕೆ ಹಿಡಿದವನಿಗೆ ಮೊಣಕಾಲು ಮಡಚಲು ಬರುತ್ತಿರಲಿಲ್ಲ. ಅವನು ಒಂದು ಕಾಲು ಒಳಗಿಟ್ಟು ಹಲಗೆ ಹಿಡಿದು ನಿಂತ.

“ಸರೀರಿ ಅತ್ತಾಗ,” ಎಂದಳು ಭಾಗವ್ವ.

ಒದ್ದೆ ಸೀರೆಯಲ್ಲೇ ಅವಳು ಸಂದಿಗೆ ಇಳಿದಳು. ಎರಡೂ ಕೈಯಲ್ಲಿ ಹಲಗೆ ಹಿಡಿದು, ಹಿಮ್ಮಡಿ ಊರಿ, ಮೂಲೆ ಮೂಲೆಗೂ ಸರಿದು ತುಳಿಯತೊಡಗಿದಳು. ನಿಂಗಣ್ಣ ಮೇಲಿನಿಂದ ಮಣ್ಣು ಹಾಕುತ್ತಿದ್ದ. ಆಚೆ ಕಾಲುವೆಯಲ್ಲಿ ನೀರಿನ ಎಳೆ ಸಣ್ಣದಾಯಿತು, ಹನಿಯಾಯಿತು. ಅವಳು ಬಗ್ಗಿ ನೋಡಿ, ಇನ್ನೊಂದು ಬುಟ್ಟಿ ಮಣ್ಣು ಕೇಳಿದಳು.