ಬೆತ್ತದ ಬುಟ್ಟಿ ಬಾರದ ಮನೆ

ಬಿಸಿ ರೊಟ್ಟಿಯ ಹಬೆಗೆ ನೆನೆದ ಬೆತ್ತದ ಬುಟ್ಟಿಯ ವಾಸನೆ, ಅದರ ಜೊತೆಗೇ ಬೆಂದ ಮೊಟ್ಟೆಯ ವಾಸನೆ. ಅಪ್ಪನನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನ ಅದು ನಮ್ಮ ಮನೆಯ ಮೆಟ್ಟಿಲು ಹತ್ತಿತು. ಆಗ ನಾನು ಚಿಕ್ಕವಳು.

ಸಿಂಗಾಪುರದ ನಮ್ಮ ಯೆಹೂದಿ ಮೊಹಲ್ಲಾದಲ್ಲಿ, ಸಾವಾದ ಮನೆಯವರು ಸ್ಮಶಾನದಿಂದ ಬಂದು ಉಣ್ಣುವ ಮೊದಲ ಊಟ ಅವರ ಒಲೆಯದಾಗಬಾರದು. ದುಂಡಗಿನ ರೊಟ್ಟಿ, ಬೆಂದ ಮೊಟ್ಟೆ, ಬೇರೆಯವರೇ ತರಬೇಕು. ಅಂದು ತಂದವರು ಸಾಲೇ ಮಾಮ. ಹಡಗಿನ ಕಂಪನಿಯಲ್ಲಿ ಗುಮಾಸ್ತರಾಗಿದ್ದವರು ಆಗಷ್ಟೇ ಸಮಾಜದ ಸಹಾಯ ಮಂಡಳಿಗೆ ಕಾರ್ಯದರ್ಶಿಯಾಗಿದ್ದರು. ಮೊಟ್ಟೆ ಸುಲಿದು ಅಮ್ಮನ ಕೈಗಿಟ್ಟು, "ಉಪ್ಪಿಲ್ಲ ತಂಗಿ, ಇವತ್ತು ಹೀಗೇ ತಿನ್ಬೇಕು" ಎಂದರು.

ಸೂತಕ ಕಳೆದ ಮೇಲೆ ಮತ್ತೆ ಬಂದರು.

"ಹನ್ನಾ, ನಾನು ಬೇಯ್ಸಿದ್ರೆ ಮೊಟ್ಟೆ ಎಲ್ಲಾ ಒಡ್ದೋಗುತ್ತೆ. ಮನೇಲಿ ಖಾತೂನ್ ಬೈತಾಳೆ. ಇನ್ಮೇಲೆ ಬುಟ್ಟಿ ಊಟ ನೀನೇ ಮಾಡ್ಕೊಡ್ತೀಯಾ? ಮಂಡಳಿ ಸಂಬಳ ಕೊಡುತ್ತೆ."

"ಇಷ್ಟು ದೊಡ್ಡ ಗಂಡಸು, ಒಂದು ಮೊಟ್ಟೆ ಬೇಯ್ಸೋಕ್ಕೆ ಬರಲ್ವಾ!" ಅಮ್ಮ ನಕ್ಕಳು. ಅಪ್ಪ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಆ ಬುಟ್ಟಿ ನಮ್ಮ ಮನೆಯಲ್ಲೇ ಉಳಿಯಿತು.

ಒಮ್ಮೆ ಒಡವೆ ವ್ಯಾಪಾರಿ ಅಬೂದಿ, ಸಿರಿವಂತ ನಂಟರ ಮನೆಯ ಸಾವಿಗೆ ಬೆಳ್ಳಿ ತಟ್ಟೆಯಲ್ಲಿ ಊಟ ಕಳಿಸಲು ಹೊರಟಿದ್ದರು. ಸಾಲೇ ಮಾಮ ಬಾಗಿಲಲ್ಲೇ ತಡೆದರು.

"ಇವತ್ತು ಅಲ್ಲಿಗೆ ಬೆಳ್ಳಿ ಹೋದ್ರೆ, ನಾಳೆ ಬಡವರ ಮನೆಗೆ ಹೋಗೋ ಬುಟ್ಟಿ ನಾಚ್ಕೊಳ್ಳುತ್ತೆ ಕಣೋ. ಎಲ್ಲರಿಗೂ ಬೆತ್ತದ್ದೇ."

"ನಿನ್ನ ಬುಟ್ಟಿಗಿರೋ ಜಂಬ ನನ್ನ ಅಂಗಡೀಲಿಲ್ಲ!" ಎಂದು ಗೊಣಗುತ್ತಲೇ ಅಬೂದಿ ತಟ್ಟೆ ವಾಪಸು ಕಳಿಸಿದರು.

ಆಮೇಲೆ ಸಾಲೇ ಮಾಮ ಸಮಾಜದ ಅಧ್ಯಕ್ಷರಾದರು, ವೃದ್ಧಾಶ್ರಮ ಕಟ್ಟಿಸಿದರು, ಮಂತ್ರಿಗಳ ಪಕ್ಕ ಕುಳಿತರು. ಎಷ್ಟೋ ಮಕ್ಕಳನ್ನು ಓದಿಸಿದರು. ನಾನು ಕಾಲೇಜು ಮುಗಿಸಿದ್ದೂ ಅವರಿಂದಲೇ, ಆದರೆ ಅದನ್ನು ಅವರು ಒಂದು ದಿನವೂ ಬಾಯಿಬಿಟ್ಟು ಆಡಲಿಲ್ಲ. ಯಾರದೇ ಸಾವಾಗಲಿ, ಕೋಟು ತೆಗೆದಿಟ್ಟು ಬುಟ್ಟಿಯನ್ನು ತಾವೇ ಹೊರುತ್ತಿದ್ದರು. ಬೆಟ್ಟವನ್ನು ನೋಡುವ ಹಾಗೆ ನಾನು ಅವರನ್ನು ನೋಡುತ್ತಿದ್ದೆ. ಅಮ್ಮ ತೀರಿಕೊಂಡ ಮೇಲೆ ಬುಟ್ಟಿಯ ಅಡುಗೆ ಆಶ್ರಮದ ಅಡುಗೆಮನೆಗೆ ಹೋಯಿತು. "ಇಂಥವರ ಮನೆಗೆ, ಈಗಲೇ" ಎಂದು ಸಾಲೇ ಮಾಮ ಫೋನ್ ಮಾಡಿದರೆ ಸಾಕು, ಊಟ ಸಿದ್ಧವಾಗುತ್ತಿತ್ತು. ಅಮ್ಮನ ಹಳೆಯ ಬುಟ್ಟಿ ಮಾತ್ರ ನನ್ನ ಬಳಿ ಉಳಿಯಿತು.

ಅವರ ಹೆಂಡತಿ ಖಾತೂನ್ ತೀರಿಕೊಂಡಾಗ ಮೊಹಲ್ಲಾದಲ್ಲಿ ಉಳಿದಿದ್ದ ನಾವೆಲ್ಲ ಸ್ಮಶಾನಕ್ಕೆ ಹೋಗಿ ಬಂದೆವು. ಸಾಲೇ ಮಾಮ ಸೂತಕದ ರೂಢಿಯಂತೆ ಹರಿದುಕೊಂಡ ಅಂಗಿಯಲ್ಲಿ ನೆಲದ ಹಾಸಿಗೆಯ ಮೇಲೆ ಕುಳಿತಿದ್ದರು. ಹಿಂದಿನ ರಾತ್ರಿಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ, ಮೇಲೆ ಸಕ್ಕರೆ ಕಾಯಿಲೆ ಬೇರೆ.

"ಏಳೋ ಸಾಲೇ," ಎಂದರು ಅಬೂದಿ. "ಅಡುಗೆಮನೆ ತುಂಬ ತಿಂಡಿ ಇದೆ. ಮುಖ ನೋಡು, ಸುಣ್ಣ ಬಳ್ದಂಗಿದೆ."

"ಹಸಿವಿಲ್ಲ ಬಿಡೋ."

"ಹಠಮಾರಿ! ಹಸಿವಿಲ್ವಂತೆ!"

ಸಾಲೇ ಮಾಮ ನಡುಗುತ್ತಿದ್ದ ಬಲಗೈಯನ್ನು ಮೆಲ್ಲಗೆ ತೊಡೆಯ ಕೆಳಗೆ ಸರಿಸಿಕೊಂಡದ್ದು ನನ್ನ ಕಣ್ಣಿಗೆ ಬಿತ್ತು. ಅದು ಹಠವಲ್ಲ. ಅವರು ತಮ್ಮ ಮನೆಯ ಊಟ ಉಣ್ಣುವಂತಿರಲಿಲ್ಲ. ಹೊರಗಿನ ಊಟ ಬಂದಿಲ್ಲ ಎಂದು ಹೇಳಿದರೆ ಬಂದವರ ಮುಖ ಕೆಳಗಾಗುತ್ತದೆ ಎಂದು ಸುಮ್ಮನಿದ್ದರು.

ಅಬೂದಿಯವರನ್ನು ಜಗಲಿಗೆ ಕರೆದು ಕೇಳಿದೆ. "ಬುಟ್ಟಿ ಎಲ್ಲಿ?"

"ಬುಟ್ಟೀನಾ? ಅದು ಬರುತ್ತಲ್ಲಮ್ಮ, ಸಾಲೇ ಫೋನ್ ಮಾಡಿ..." ಅಬೂದಿಗೆ ಆಗ ಹೊಳೆಯಿತು. ತಲೆಯ ಮೇಲೆ ಕೈ ಹೊತ್ತುಕೊಂಡರು. "ಅಯ್ಯೋ ತೋಬಾ! ಇವತ್ತು ಯಾರು ಮಾಡ್ಬೇಕಿತ್ತು?"

ಯಾರೂ ಫೋನ್ ಮಾಡಿರಲಿಲ್ಲ. ಊಟ ಎಂದಿನಂತೆ ಬರುತ್ತದೆಂದು ಪ್ರತಿಯೊಬ್ಬರೂ ನಂಬಿದ್ದರು, ನಾನೂ.

"ನಮ್ಮನೆ ಪಕ್ಕದ ಬೀದೀಲೇ ಇದೆ, ಮೊಟ್ಟೆ ಬೇಯಿಸ್ತೀನಿ," ಎಂದೆ. "ನೀವು ರೊಟ್ಟಿ ತನ್ನಿ. ದುಂಡಗಿನದು."

ಆ ವಯಸ್ಸಿನಲ್ಲಿ ಅಬೂದಿ ಓಡಿದ್ದನ್ನು ನಾನು ಮರೆಯಲಾರೆ. ನನ್ನ ಕೈಗಳೂ ಅವಸರಪಟ್ಟವು. ಕುದಿಯುವ ನೀರಿಗೆ ಒಮ್ಮೆಲೇ ಹಾಕಿದ್ದರಿಂದ ಮೊಟ್ಟೆಗಳೆಲ್ಲ ಬಿರುಕುಬಿಟ್ಟವು. ಬೇರೆ ಇರಲಿಲ್ಲ. ಅವನ್ನೇ ಅಮ್ಮನ ಬುಟ್ಟಿಯಲ್ಲಿಟ್ಟುಕೊಂಡು ನಡೆದೆ. ಬೆವರು ಒರೆಸಿಕೊಳ್ಳುತ್ತ ಬಾಗಿಲಲ್ಲಿ ಕಾಯುತ್ತಿದ್ದ ಅಬೂದಿ, ತಮ್ಮ ರೇಷ್ಮೆ ಕರವಸ್ತ್ರದಿಂದ ರೊಟ್ಟಿ ಬಿಡಿಸಿ ಮೊಟ್ಟೆಯ ಪಕ್ಕ ಇಟ್ಟರು.

ಬುಟ್ಟಿಯನ್ನು ಒಳಗೆ ತಂದೆ. ಸಾಲೇ ಮಾಮ ತಲೆಯೆತ್ತಿದರು. ಹೆಣೆದ ಬೆತ್ತವನ್ನು, ಸವೆದ ಹಿಡಿಕೆಯನ್ನು, ಬಿರುಕುಬಿಟ್ಟ ಮೊಟ್ಟೆಗಳನ್ನು ನೋಡಿದರು. ಅವರ ತುಟಿಯ ಅಂಚು ಸ್ವಲ್ಪ ಅಲುಗಿತು.

ಎದುರಿಗೆ ನೆಲದ ಮೇಲೆ ಕುಳಿತೆ. ಒಂದು ಮೊಟ್ಟೆ ಸುಲಿದೆ. ತೊಡೆಯ ಕೆಳಗಿದ್ದ ಅವರ ಕೈಯನ್ನು ಮೆಲ್ಲಗೆ ಎತ್ತಿ, ಅಂಗೈ ಬಿಡಿಸಿ, ಮೊಟ್ಟೆಯನ್ನೂ ಒಂದು ಚೂರು ರೊಟ್ಟಿಯನ್ನೂ ಇಟ್ಟೆ.